ಕಾಲೇಜ್ ಫುಟ್‌ಬಾಲ್ ಕೋಚ್ ಒಬ್ಬರು ನಮ್ಮ ಮಕ್ಕಳಿಗೆ ಮಾತಾಡಲು ಬರುತ್ತಿದ್ದಾರೆ: 40 ನಿಮಿಷದಲ್ಲಿ ಅವರಿಂದ ಏನು ಕೇಳಬೇಕು?

ಕೊಲಂಬಸ್_ಕನ್ನಡಿಗ ಕೇಳಿದ್ದು:

ಓಹಾಯೋದ ಒಂದು ಕನ್ನಡ ಕೂಟದ ಯುವ ದಿನಕ್ಕೆ, ಕಾಲೇಜ್ ಫುಟ್‌ಬಾಲ್‌ನಲ್ಲಿ ಸಹಾಯಕ ಕೋಚ್ ಆಗಿದ್ದು ನಿವೃತ್ತರಾದವರೊಬ್ಬರು ಬರಲು ಒಪ್ಪಿದ್ದಾರೆ. ಊರಿನಿಂದ ಓದುತ್ತಿರುವವರಿಗೆ ಒಂದು ಮಾತು: ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ. ಮಕ್ಕಳು ಸುಮಾರು 60, ವಯಸ್ಸು 12ರಿಂದ 17. ಅದರಲ್ಲಿ ಫುಟ್‌ಬಾಲ್ ಆಡುವವರು ಮೂರೋ ನಾಲ್ಕೋ. ಉಳಿದವರದ್ದು ಮಾರ್ಚಿಂಗ್ ಬ್ಯಾಂಡ್, ಟೆನಿಸ್, ರೋಬೋಟಿಕ್ಸ್, ಭರತನಾಟ್ಯ. ಊಟಕ್ಕೆ ಮುಂಚೆ 40 ನಿಮಿಷ ಸಿಗುತ್ತೆ.

ಕಮಿಟಿಯಲ್ಲಿ ಈಗಾಗಲೇ ಎರಡು ಪಂಗಡ. "ಲಾಕರ್ ರೂಮ್ (ಆಟಗಾರರು ಸಿದ್ಧವಾಗುವ ಕೋಣೆ) ಥರ ಗುಡುಗಲಿ, ಮಕ್ಕಳ ಮೈ ಜುಂ ಅನ್ನಬೇಕು" ಅಂತ ಒಂದು. "ಸೋಮವಾರ ಬೆಳಗಾಗೋದರಲ್ಲಿ ಎಲ್ಲ ಮರೆತಿರ್ತಾರೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅಂತ ಇನ್ನೊಂದು.

ಗೊತ್ತಿರುವವರು ಹೇಳಿ. 40 ನಿಮಿಷವನ್ನು ಹೇಗೆ ಹಂಚಬೇಕು? ಆಟವೇ ಗೊತ್ತಿಲ್ಲದ ಮಕ್ಕಳಿಗೆ ಅವರ ಮಾತು ದಕ್ಕಬೇಕಾದರೆ ಏನು ತರಲು ಹೇಳಬೇಕು? ಆ ದಿನದ ಕಾವು ಮುಂದಿನ ವಾರಕ್ಕೂ ಉಳಿಯಲು ಏನಾದರೂ ದಾರಿ ಇದೆಯೇ? ಯಾವ ಮಾತು ಬೇಡ ಅಂತ ಮೊದಲೇ ತಿಳಿಸಬೇಕು?

ಶನಿವಾರದ_ಗ್ಯಾಲರಿ:

ಮೊದಲು ಲಾಕರ್ ರೂಮ್ ಭಾಷಣದ ಮೇಲಿನ ಮೋಹ ಸ್ವಲ್ಪ ಇಳಿಸೋಣ. ಕಾಲೇಜ್ ಆಟದ ಹಾಫ್‌ಟೈಮ್, ಅಂದರೆ ನಡುವಿನ ವಿರಾಮ, 20 ನಿಮಿಷ. ಮೈದಾನದಿಂದ ಒಳಗೆ ಬರೋದು, ಮತ್ತೆ ಹೊರಗೆ ಹೋಗಿ ಮೈ ಬಿಸಿ ಮಾಡಿಕೊಳ್ಳೋದು, ಇದರಲ್ಲೇ ಐದಾರು ನಿಮಿಷ ಹೋಯಿತು. ಬಂದ ಕೂಡಲೇ ನೀರು, ಶೌಚ, ಸಡಿಲವಾದ ಕಣಕಾಲಿನ ಟೇಪ್ ಮತ್ತೆ ಸುತ್ತಿಸಿಕೊಳ್ಳೋದು. ಅಷ್ಟರಲ್ಲಿ ಕೋಚ್‌ಗಳು ತಾವೇ ಒಂದು ಮೂಲೆಯಲ್ಲಿ ಸೇರಿ, ಎದುರಾಳಿ ಏನು ಮಾಡ್ತಿದಾನೆ, ನಾವು ಯಾವ ಎರಡು ಮೂರು ವಿಷಯ ಬದಲಿಸಬೇಕು ಅಂತ ತೀರ್ಮಾನಿಸ್ತಾರೆ. ಆಮೇಲೆ ಆಟಗಾರರು ಗುಂಪು ಗುಂಪಾಗಿ ಕೂರ್ತಾರೆ. ಮುಂದಿನ ಸಾಲಿನಲ್ಲಿ ಎದುರಾಳಿಯನ್ನು ತಡೆಯುವ ಲೈನ್‌ಮನ್‌ಗಳು ಒಂದು ಬೋರ್ಡಿನ ಮುಂದೆ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳು ಇನ್ನೊಂದರ ಮುಂದೆ. ಅಲ್ಲಿ ಗುಡುಗು ಸಿಡಿಲು ಏನೂ ಇಲ್ಲ. "ಆ ಬದಿಯ ಲೈನ್‌ಬ್ಯಾಕರ್ ಒಳಕ್ಕೆ ಜರುಗ್ತಿದಾನೆ, ನಿನ್ನ ಮೊದಲ ಹೆಜ್ಜೆ ಹೊರಕ್ಕೆ ಹಾಕು" ಅನ್ನೋ ಥರದ ಒಣ ಮಾತು. ಮುಖ್ಯ ಕೋಚ್‌ಗೆ ಉಳಿಯೋದು ಕೊನೆಯ ಎರಡು ಮೂರು ನಿಮಿಷ. ಜಗತ್ತು ವಿಡಿಯೋದಲ್ಲಿ ನೋಡೋದು ಆ ಎರಡು ನಿಮಿಷ ಮಾತ್ರ.

ಇನ್ನು ಎಲ್ಲರೂ ಉದಾಹರಿಸುವ ಭಾಷಣ. 1928ರ ನವೆಂಬರ್ 10, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ, ನೋಟರ್ ಡೇಮ್ ಮತ್ತು ಆರ್ಮಿ ತಂಡಗಳ ಆಟ. ಅರ್ಧ ಆಟ ಮುಗಿದಾಗ 0-0. ಕೋಚ್ ನ್ಯೂಟ್ ರಾಕ್ನಿ, 1920ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದ ಆಟಗಾರ ಜಾರ್ಜ್ ಗಿಪ್‌ನ ಹೆಸರು ಹೇಳಿ, ಅವನಿಗಾಗಿ ಈ ಒಂದು ಆಟ ಗೆಲ್ಲಿ ಅಂದರು. ನೋಟರ್ ಡೇಮ್ 12-6ರಿಂದ ಗೆದ್ದಿತು. ಗಿಪ್ ಸಾಯುವಾಗ ನಿಜಕ್ಕೂ ಹಾಗೆ ಕೇಳಿಕೊಂಡಿದ್ದನೇ ಅನ್ನೋದರ ಬಗ್ಗೆ ಇತಿಹಾಸಕಾರರಿಗೆ ಅನುಮಾನ ಇದ್ದೇ ಇದೆ. ಅದು ಹಾಗಿರಲಿ. ಮುಂದಿನ ಎರಡು ಆಟಗಳ ಕಥೆಯನ್ನು ಯಾರೂ ಹೇಳಲ್ಲ. ಕಾರ್ನೆಗೀ ಟೆಕ್ ಎದುರು 27-7, ಸದರ್ನ್ ಕ್ಯಾಲಿಫೋರ್ನಿಯಾ ಎದುರು 27-14, ಎರಡರಲ್ಲೂ ಸೋಲು. ಆ ವರ್ಷದ ಲೆಕ್ಕ 5 ಗೆಲುವು, 4 ಸೋಲು. ರಾಕ್ನಿ ಮುಖ್ಯ ಕೋಚ್ ಆಗಿದ್ದ ಅಷ್ಟೂ ವರ್ಷಗಳಲ್ಲಿ ಅದೇ ಅತಿ ಕಳಪೆ. ಅಂದರೆ ಅಮೆರಿಕದ ಅತಿ ಪ್ರಸಿದ್ಧ ಹುರಿದುಂಬಿಸುವ ಮಾತು ಕೆಲಸ ಮಾಡಿದ್ದು ಅರ್ಧ ಆಟದಷ್ಟು ಹೊತ್ತು. ಮೈ ಜುಂ ಅನ್ನಿಸಬೇಕು ಅನ್ನುವ ಪಂಗಡಕ್ಕೆ ಈ ಲೆಕ್ಕ ತೋರಿಸಿ.

ಇದಕ್ಕೆ ಎದುರಾಗಿ ಇನ್ನೊಂದು ಆಟ ಇದೆ, ನಿಮ್ಮೂರು ಕೊಲಂಬಸ್‌ನಲ್ಲೇ ನಡೆದದ್ದು. (ಓಹಾಯೋ ಸ್ಟೇಟ್ ಅಭಿಮಾನಿಗಳು ಕ್ಷಮಿಸಬೇಕು.) 1998ರ ನವೆಂಬರ್ 7. ದೇಶದಲ್ಲೇ ಒಂದನೇ ಸ್ಥಾನದಲ್ಲಿದ್ದ ಓಹಾಯೋ ಸ್ಟೇಟ್ ಎದುರು ನಾಲ್ಕು ಗೆದ್ದು ಐದು ಸೋತಿದ್ದ ಮಿಷಿಗನ್ ಸ್ಟೇಟ್. ಅದರ ಕೋಚ್ ನಿಕ್ ಸೇಬನ್. ವಿಶ್ವವಿದ್ಯಾಲಯದ ಮನೋವೈದ್ಯ ಲಯನಲ್ ರೋಸನ್ ಅವರ ಸಲಹೆಯಂತೆ, ಗೆಲ್ಲಬೇಕು ಅನ್ನೋ ಮಾತನ್ನೇ ಸೇಬನ್ ಪಕ್ಕಕ್ಕಿಟ್ಟರು. ಒಂದು ಪ್ಲೇ, ಅಂದರೆ ಚೆಂಡು ಹೊರಟು ಆಟ ನಿಲ್ಲುವವರೆಗಿನ ಒಂದು ಸುತ್ತು, ಸುಮಾರು ಏಳು ಸೆಕೆಂಡ್. ಆ ಏಳು ಸೆಕೆಂಡಿನಲ್ಲಿ ನಿನ್ನ ಕೆಲಸ ಮಾಡು, ಮುಗೀತಾ, ಅದನ್ನು ಬಿಟ್ಟು ಮುಂದಿನದು. ಸ್ಕೋರ್‌ಬೋರ್ಡ್ ನೋಡಬೇಡ. ಮೂರನೇ ಕ್ವಾರ್ಟರ್‌ನಲ್ಲಿ (ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು) 24-9ರಿಂದ ಹಿಂದಿದ್ದ ತಂಡ 28-24ರಿಂದ ಗೆದ್ದಿತು. ಸೇಬನ್ ಮುಂದೆ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದರು, 2024ರ ಜನವರಿಯಲ್ಲಿ ನಿವೃತ್ತಿಯಾಗುವವರೆಗೂ ಇದನ್ನೇ ಹೇಳುತ್ತಾ ಬಂದರು. ಒಂದು ತಂಡ ಒಂದು ಆಟದಲ್ಲಿ ಆಡೋದು ಸುಮಾರು 70 ಪ್ಲೇ. ಗುಣಿಸಿದರೆ ಎಂಟು ನಿಮಿಷ ಚಿಲ್ಲರೆ. ಮೂರೂವರೆ ಗಂಟೆಯ ಆಟದಲ್ಲಿ ನಿಜವಾದ ಕೆಲಸ ಇಷ್ಟೇ! ಬ್ಯಾಂಡಿನ ಹುಡುಗಿಗಾಗಲಿ ಗಣಿತದ ಪರೀಕ್ಷೆಗೆ ಹೆದರುವ ಹುಡುಗನಿಗಾಗಲಿ ಇದು ನೇರ ಅರ್ಥವಾಗುತ್ತೆ, ಆಟದ ನಿಯಮ ಒಂದೂ ತಿಳಿದಿರಬೇಕಾಗಿಲ್ಲ.

ಸಮಯದ ಹಂಚಿಕೆ ಹೀಗಿರಲಿ: ಪರಿಚಯ 2 ನಿಮಿಷ, ಅದಕ್ಕಿಂತ ಒಂದು ಸೆಕೆಂಡೂ ಬೇಡ (ನಮ್ಮ ಕೂಟಗಳಲ್ಲಿ ಹಾಳಾಗೋದೇ ಇಲ್ಲಿ: ಶಾಲು, ಹಾರ, ಪದಾಧಿಕಾರಿಗಳ ಮಾತು. ಅವೆಲ್ಲ ಊಟದ ಹೊತ್ತಿಗೆ ಇಟ್ಟುಕೊಳ್ಳಿ). ಕೋಚ್ ಮಾತು 12 ನಿಮಿಷ. ವಿಡಿಯೋ 8. ಮಕ್ಕಳು ಕೈಯಲ್ಲಿ ಪೆನ್ನು ಹಿಡಿಯುವ ಕೆಲಸ 6. ಪ್ರಶ್ನೋತ್ತರ 12.

ವಿಡಿಯೋಗೆ ಹತ್ತು ಸೆಕೆಂಡಿನ ಮೂರೇ ತುಣುಕು ತರಲಿ. ಒಂದೊಂದನ್ನೂ ಮೂರು ಸಲ ತೋರಿಸಬೇಕು. ಮೊದಲ ಸಲ ಸುಮ್ಮನೆ. ಎರಡನೇ ಸಲ ಚೆಂಡು ಹೊರಡುವ ಮುಂಚೆ ನಿಲ್ಲಿಸಿ "ಈಗ ಏನಾಗುತ್ತೆ?" ಅಂತ ಕೇಳೋದು. ಮೂರನೇ ಸಲ ಚೆಂಡು ಬಿಟ್ಟು ಒಬ್ಬನೇ ಲೈನ್‌ಮನ್‌ನ ಕಾಲನ್ನು ನೋಡೋದು. ಎಲ್ಲರೂ ಚೆಂಡು ನೋಡುವಾಗ ಕೆಲಸ ಎಲ್ಲಿ ಆಗ್ತಿದೆ ಅಂತ ಆಗ ಕಾಣುತ್ತೆ. ದೊಡ್ಡ ಗೆಲುವಿನ ಸಂಗೀತ ಹಾಕಿದ ವಿಡಿಯೋ ಬೇಡ ಅಂತ ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಖಂಡಿತ ಅದನ್ನೇ ತರ್ತಾರೆ.

ಲೆಕ್ಕದ_ಮೇಷ್ಟ್ರು:

ಗ್ಯಾಲರಿಯವರ "ಪೆನ್ನು ಹಿಡಿಯುವ 6 ನಿಮಿಷ" ಇದೆಯಲ್ಲ, ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಉಳಿದ 34 ನಿಮಿಷ ಅದಕ್ಕೆ ಪೀಠಿಕೆ ಅಂತಲೇ ತಿಳಿಯಿರಿ.

2002ರಲ್ಲಿ ಸಾರಾ ಮಿಲ್ನ್, ಶೀನಾ ಆರ್ಬೆಲ್, ಪಾಸ್ಕಲ್ ಶೀರನ್ ಪ್ರಕಟಿಸಿದ ಒಂದು ಅಧ್ಯಯನ ಇದೆ. ಬ್ರಿಟನ್ನಿನ 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಎರಡನೇ ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಮನಮುಟ್ಟುವಂತೆ ಬರೆದದ್ದನ್ನು ಓದಿಸಿದರು. ಮೂರನೇ ಗುಂಪಿಗೆ ಅದನ್ನೇ ಓದಿಸಿ, ಜೊತೆಗೆ "ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ವ್ಯಾಯಾಮ ಮಾಡ್ತೀನಿ" ಅಂತ ಬರೆಸಿದರು. ಮುಂದಿನ ವಾರ ಒಂದು ಸಲವಾದರೂ ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 38, ಎರಡನೆಯದರಲ್ಲಿ 35, ಮೂರನೆಯದರಲ್ಲಿ 91. ಹುರುಪು ತುಂಬಿಸಿಕೊಂಡ ಎರಡನೇ ಗುಂಪಿನ ಮನಸ್ಸು ಬದಲಾಗಿತ್ತು, ಮಾಡಬೇಕು ಅನ್ನೋ ಆಸೆ ಹೆಚ್ಚಿತ್ತು. ಕಾಲು ಮಾತ್ರ ಎದ್ದಿರಲಿಲ್ಲ. ನಾವು ಆರಂಭ ಶೂರತ್ವ ಅಂತೀವಲ್ಲ, ಇಲ್ಲಿ ಆರಂಭವೂ ಆಗಿರಲಿಲ್ಲ.

ಆದ್ದರಿಂದ ಚೀಟಿ ಮಾಡಿಸಿ. ಅಂಗೈಯಗಲದ, 3 ಇಂಚು 5 ಇಂಚಿನ ದಪ್ಪ ಕಾಗದ. ಅದರ ಮೇಲೆ ಎರಡೇ ಸಾಲು:

"______ವಾರ, ______ ಗಂಟೆಗೆ, ______ (ಜಾಗ)ದಲ್ಲಿ ನಾನು ______ ಮಾಡ್ತೀನಿ."
"______ ಅಡ್ಡ ಬಂದರೆ, ಆಗ ನಾನು ______ ಮಾಡ್ತೀನಿ."

ಮಕ್ಕಳಿಗೆ ಇಂಗ್ಲಿಷ್ ಸಲೀಸು ಅನ್ನಿಸಿದರೆ ಇಂಗ್ಲಿಷಿನಲ್ಲೇ ಬರೆಯಲಿ, ಅದರಲ್ಲಿ ಹಟ ಬೇಡ. ಹತ್ತು ಮಕ್ಕಳಿಗೆ ಒಬ್ಬರಂತೆ ಆರು ಜನ ಸ್ವಯಂಸೇವಕರು ಬೇಕು, ಕಾಲೇಜಿಗೆ ಹೋಗುವ ಅಕ್ಕ ಅಣ್ಣಂದಿರಾದರೆ ಒಳ್ಳೆಯದು. ಅವರ ಕೆಲಸ ಒಂದೇ: ಚೀಟಿಯಲ್ಲಿ "ಚೆನ್ನಾಗಿ", "ಹೆಚ್ಚು", "ಪ್ರತಿದಿನ", "ಪ್ರಯತ್ನಿಸ್ತೀನಿ" ಅನ್ನೋ ಪದ ಕಂಡರೆ ವಾಪಸ್ ಕೊಡೋದು. "ಚೆನ್ನಾಗಿ ಓದ್ತೀನಿ" ನಡೆಯಲ್ಲ. "ಮಂಗಳವಾರ ಸಂಜೆ 7ಕ್ಕೆ ಅಡುಗೆಮನೆ ಮೇಜಿನ ಮೇಲೆ, ಫೋನ್ ಬೇರೆ ರೂಮಲ್ಲಿಟ್ಟು, ರಸಾಯನಶಾಸ್ತ್ರದ 5 ಲೆಕ್ಕ" ನಡೆಯುತ್ತೆ. ಒಂದು ಚೀಟಿಗೆ ಒಂದೇ ಕೆಲಸ. ಮೂರು ಕೆಲಸ ಬರೆದ ಮಗು ಒಂದನ್ನೂ ಮಾಡಲ್ಲ. ಎರಡನೇ ಸಾಲನ್ನು ಮಕ್ಕಳು ಬಿಟ್ಟುಬಿಡ್ತಾರೆ, ಬಿಡಗೊಡಬೇಡಿ. ಕೆಲಸ ಕೆಡೋದು ಸಾಮಾನ್ಯವಾಗಿ ಅಲ್ಲೇ.

ಚೀಟಿಯ ಫೋಟೋ ತೆಗೆದುಕೊಂಡು ಚೀಟಿಯನ್ನು ಮಗುವಿಗೇ ಕೊಡಿ. ಏಳನೇ ದಿನ, ಇಪ್ಪತ್ತೊಂದನೇ ದಿನ ಅದೇ ಸ್ವಯಂಸೇವಕ ಒಂದು ಸಾಲು ಕೇಳಲಿ: "ಆಯ್ತಾ? ಇಲ್ಲ ಅಂದರೆ ಏನು ಅಡ್ಡ ಬಂತು?" ಬೈಗುಳ ಇಲ್ಲ, ಬಹುಮಾನ ಇಲ್ಲ.

ಇನ್ನು ಕೋಚ್ ಮಾತಿನ ಧಾಟಿ. ಇದು ಬ್ಯಾಸ್ಕೆಟ್‌ಬಾಲ್‌ನ ಉದಾಹರಣೆ, ಆದರೂ ಇಲ್ಲಿ ಸಲ್ಲುತ್ತೆ. ಜಾನ್ ವುಡನ್ 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕೋಚ್. ಅವರ ಕೊನೆಯ ಸೀಸನ್ 1974-75. ಆಗ ಗಾಲಿಮೋರ್ ಮತ್ತು ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ವೇಳೆ ಪಕ್ಕದಲ್ಲಿ ಕೂತು ಅವರ ಪ್ರತಿಯೊಂದು ಮಾತನ್ನೂ ವಿಂಗಡಿಸಿ ಗುರುತು ಹಾಕಿಕೊಂಡರು, ಒಟ್ಟು 2,326. ಅದರಲ್ಲಿ ಅರ್ಧದಷ್ಟು ಬರೀ ಸೂಚನೆ: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ನೂರಕ್ಕೆ 7ರ ಹತ್ತಿರ, ಬೈಗುಳವೂ ಹೆಚ್ಚು ಕಡಿಮೆ ಅಷ್ಟೇ. ಅವರ ವರ್ಷದ ಮೊದಲ ಪಾಠ ಕಾಲುಚೀಲ ಸುಕ್ಕಿಲ್ಲದೆ ಹಾಕಿಕೊಳ್ಳೋದು ಹೇಗೆ ಅನ್ನೋದಾಗಿತ್ತು. ಸುಕ್ಕಾದರೆ ಗುಳ್ಳೆ, ಗುಳ್ಳೆಯಾದರೆ ಅಭ್ಯಾಸ ತಪ್ಪುತ್ತೆ.

ಕೋಪದ ಮಾತು ಪೂರ್ತಿ ವ್ಯರ್ಥ ಅಂತ ಹೇಳೋಕೂ ಆಗಲ್ಲ. 2019ರಲ್ಲಿ ಬ್ಯಾರಿ ಸ್ಟಾ ಮತ್ತು ಸಂಗಡಿಗರು ಹೈಸ್ಕೂಲ್, ಕಾಲೇಜ್ ಸೇರಿ 23 ಬ್ಯಾಸ್ಕೆಟ್‌ಬಾಲ್ ತಂಡಗಳ 304 ಆಟಗಳ ಹಾಫ್‌ಟೈಮ್ ಮಾತನ್ನು ಪರಿಶೀಲಿಸಿದರು. ಕೋಚ್ ಅಸಮಾಧಾನ ತೋರಿಸಿದಷ್ಟೂ ಎರಡನೇ ಅರ್ಧ ಸುಧಾರಿಸುತ್ತೆ, ಒಂದು ಮಟ್ಟದವರೆಗೆ. ಅದು ದಾಟಿದರೆ ಉಲ್ಟಾ ಹೊಡೆಯುತ್ತೆ. ಆದರೆ ಅದು ಕೋಚ್‌ಗೂ ತಂಡಕ್ಕೂ ತಿಂಗಳುಗಟ್ಟಲೆ ಒಡನಾಟ ಇರುವ ಕಡೆ. ಅರ್ಧ ಗಂಟೆಗೆ ಬಂದ ಅಪರಿಚಿತರು ಗದರಿದರೆ 12 ವರ್ಷದ ಮಗುವಿಗೆ ಅದು ಬರೀ ಗದರಿಕೆ.

ಹುಬ್ಬಳ್ಳಿ_ಗಿರಣಿಚಾಳ:

ಎರಡೂ ಉತ್ತರ ಛಲೋ ಅದಾವ. ನಾನು ನಾಕನೇ ಪ್ರಶ್ನೆ ಹಿಡೀತೀನಿ, ಯಾವ ಮಾತು ಬ್ಯಾಡ ಅನ್ನೋದು.

ಈ ಆಟದಾಗ ಒಂದು ಹಳೇ ಪುರಾಣ ಅದ. 1954ರಾಗ ಟೆಕ್ಸಸ್ ಎ ಅಂಡ್ ಎಂ ಕೋಚ್ ಬೇರ್ ಬ್ರಯಂಟ್, ಹುಡುಗುರನ್ನ ಜಂಕ್ಷನ್ ಅನ್ನೋ ಬರಗಾಲದ ಊರಿಗೆ ಒಯ್ದು ಹತ್ತು ದಿನ ಸುಡು ಬಿಸಲಾಗ ಆಡಿಸಿದ್ರು. ನೀರು ಕುಡೀಲಿಕ್ಕೆ ಬಿಡ್ತಿರಲಿಲ್ಲ, ಆಗಿನ ಕಾಲಕ್ಕ ನೀರು ಕುಡದ್ರ ಮೆತ್ತಗ ಆಗ್ತಾರ ಅಂತ ತಿಳಕೊಂಡಿದ್ರು. ಎರಡು ಬಸ್ಸಿನಾಗ ಹೋದವರು ಒಂದ ಬಸ್ಸಿನಾಗ ತಿರಿಗಿ ಬಂದ್ರು, ಉಳದವ್ರು ನಡುವ ಬಿಟ್ಟು ಓಡಿದ್ರು. ಭಾಷಣ ಮಾಡವ್ರು ಇಷ್ಟು ಹೇಳಿ, 1956ರಾಗ ಒಂದೂ ಸೋಲದ ಆಡಿದ್ರು ನೋಡ್ರಿ ಅಂತ ಮುಗಸ್ತಾರ. ನಡುವಿಂದು ಹೇಳೂದಿಲ್ಲ: ಆ ಶಿಬಿರ ಮಾಡಿದ ವರ್ಷನ ತಂಡ ಗೆದ್ದದ್ದು ಒಂದು, ಸೋತದ್ದು ಒಂಬತ್ತು.

ಈಗಿನ ಕಾಲದ್ದೂ ಅದ. 2018ರಾಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಾಗ 19 ವರ್ಷದ ಆಟಗಾರ ಅಭ್ಯಾಸದ ಓಟದಾಗ ಶಾಖಾಘಾತಕ್ಕ ಕುಸದು ಬಿದ್ದು, ಎರಡು ವಾರಕ್ಕ ತೀರಿಕೊಂಡ. ಆಮ್ಯಾಲ ನಡೆದ ತನಿಖಿಯೊಳಗ ಗೊತ್ತಾಗಿದ್ದು ಏನಂದ್ರ, ತಣ್ಣೀರಿನ ತೊಟ್ಟಿಗೆ ಅವನ್ನ ಇಳಿಸೇ ಇರಲಿಲ್ಲ. ಶಾಖಾಘಾತಕ್ಕ ನಿಯಮ ಸರಳ ಅದ: ಮೊದಲು ಮೈ ತಣ್ಣಗ ಮಾಡೂದು, ಆಮ್ಯಾಲ ಆಸ್ಪತ್ರಿಗೆ ಒಯ್ಯೂದು. ವಿಶ್ವವಿದ್ಯಾಲಯ ಹೊಣಿ ಒಪ್ಪಿಕೊಳ್ತು, ಮುಖ್ಯ ಕೋಚ್ ಕೆಲಸ ಹೋತು.

ಹಂಗಾಗಿ "ನೋವು ಅಂದ್ರ ದುರ್ಬಲತಾ ಮೈಬಿಟ್ಟು ಹೋಗೂದು", "ಸತ್ರೂ ಬಿಡಬ್ಯಾಡ" ಅನ್ನೋ ಮಾತು ಮಕ್ಕಳ ಮುಂದ ಬ್ಯಾಡ ಅಂತ ಕೋಚ್‌ಗೆ ಬರೆಯೋ ಪತ್ರದಾಗ ಬರೀರಿ. ದಣಿವು ಬ್ಯಾರೆ, ಪೆಟ್ಟು ಬ್ಯಾರೆ. ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ರ ಆಟದಿಂದ ಹೊರಗ ತಗೀಬೇಕು, ವೈದ್ಯಕೀಯ ತಜ್ಞರು ಬರದು ಕೊಡೂತನ ಒಳಗ ಬಿಡಬಾರದು ಅಂತ ಅಮೆರಿಕದ ಬಹುತೇಕ ಎಲ್ಲಾ ರಾಜ್ಯದಾಗೂ ಕಾನೂನ ಅದ. ಕೋಚ್ ಬಾಯಿಂದನ ಇದು ಬಂದ್ರ ಮಕ್ಕಳು ಕೇಳ್ತಾರ. ನಾವು ಹೇಳಿದ್ರ "ಅಮ್ಮಗ ಆಟ ಗೊತ್ತಿಲ್ಲ" ಅಂತಾರ.

ಇನ್ನೊಂದು, ದೊಡ್ಡವರದ್ದು. ಭಾಷಣ ಮುಗದ ಮ್ಯಾಲ ಕಾರಿನಾಗ ಅಪ್ಪ ಅಮ್ಮ "ಕೇಳಿದೇನು ಕೋಚ್ ಏನಂದ್ರು? ನೀ ಮಾತ್ರ..." ಅಂತ ಶುರು ಮಾಡ್ತಾರ. ಅಲ್ಲಿಗೆ 40 ನಿಮಿಷ ನೀರಾಗ ಹೋತು. ಭಾಷಣದ ಮಾತನ್ನ ಬಡಿಗಿ ಮಾಡ್ಕೋಬ್ಯಾಡ್ರಿ ಅಂತ ಅವರಿಗೆ ಮೊದಲ ತಿಳಿಸ್ರಿ.

ಕೊಲಂಬಸ್_ಕನ್ನಡಿಗ:

ಎಲ್ಲರಿಗೂ ಧನ್ಯವಾದ. 1928ರ ಲೆಕ್ಕ ಕಮಿಟಿ ಗುಂಪಿನಲ್ಲಿ ಹಾಕಿದೆ, ಸದ್ಯಕ್ಕೆ ಎಲ್ಲರೂ ಮೌನ. ಇನ್ನೆರಡು ವಿಷಯ. ಒಬ್ಬರು "ನಿವೃತ್ತರು ಯಾಕೆ, ಈಗ ಕೆಲಸದಲ್ಲಿರುವ ಕೋಚ್‌ನೇ ಕರೆಯೋಣ" ಅನ್ನುತ್ತಿದ್ದಾರೆ. ಅದರಲ್ಲಿ ತೊಡಕಿದೆಯೇ? ಮತ್ತೆ, ಪ್ರಶ್ನೋತ್ತರದಲ್ಲಿ ನಮ್ಮ ಮಕ್ಕಳು ಬಾಯಿ ಬಿಡೋದೇ ಇಲ್ಲ. ಕೇಳೋದೆಲ್ಲ ಅಪ್ಪಂದಿರೇ.

ನಿಯಮದ_ಪುಟ:

ತೊಡಕಿದೆ. ಕಾಲೇಜ್ ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದ ಪ್ರಕಾರ ಒಂಬತ್ತನೇ ತರಗತಿ ಮುಟ್ಟಿದ ಪ್ರತಿ ವಿದ್ಯಾರ್ಥಿಯೂ ಫುಟ್‌ಬಾಲ್ ಕೋಚ್‌ನ ಪಾಲಿಗೆ ಮುಂದೆ ತಂಡಕ್ಕೆ ಸೇರಬಹುದಾದ ಆಟಗಾರ, ಅವನು ಈಗ ಭರತನಾಟ್ಯ ಮಾಡುತ್ತಿದ್ದರೂ ಸರಿ. ಕೆಲಸದಲ್ಲಿರುವ ಕೋಚ್ ಅಂಥ ಮಕ್ಕಳನ್ನು ಕ್ಯಾಂಪಸ್ಸಿನ ಹೊರಗೆ ಯಾವಾಗ ಭೇಟಿಯಾಗಬಹುದು, ಯಾವಾಗ ಆಗಬಾರದು ಅನ್ನೋದಕ್ಕೆ ವರ್ಷಪೂರ್ತಿಯ ಕ್ಯಾಲೆಂಡರ್ ಇದೆ. "ಡೆಡ್ ಪೀರಿಯಡ್" ಅನ್ನುವ ದಿನಗಳಲ್ಲಿ ಮುಖಾಮುಖಿ ಭೇಟಿ ಕೂಡದು. ಆದ್ದರಿಂದ ಕೆಲಸದಲ್ಲಿರುವವರನ್ನು ಕರೆಯುವುದಾದರೆ ಹಾಲ್ ಬುಕ್ ಮಾಡುವ ಮೊದಲು ಅವರ ವಿಶ್ವವಿದ್ಯಾಲಯದ ಕಂಪ್ಲಯನ್ಸ್ ಆಫೀಸಿನಿಂದ (ನಿಯಮ ಪಾಲನೆ ನೋಡಿಕೊಳ್ಳುವ ಕಚೇರಿ) ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಲು ಹೇಳಿ. ದಿನಾಂಕ, ಮಕ್ಕಳ ವಯಸ್ಸು, ಯಾರು ದುಡ್ಡು ಕೊಡುತ್ತಾರೆ, ಪ್ರಚಾರದಲ್ಲಿ ಅವರ ಫೋಟೋ ಹಾಕುತ್ತೀರಾ, ಇಷ್ಟೂ ಕೇಳುತ್ತಾರೆ. ನಿವೃತ್ತರಾದರೆ ಈ ರಗಳೆ ಇಲ್ಲ. ಅವರನ್ನೇ ಇಟ್ಟುಕೊಳ್ಳಿ.

ಯಾರೇ ಬರಲಿ, ಮಕ್ಕಳ ಜೊತೆ ಒಬ್ಬರನ್ನೇ ಬಿಡಬೇಡಿ. ಕೋಣೆಯಲ್ಲಿ ಯಾವಾಗಲೂ ಕೂಟದ ಇಬ್ಬರು ದೊಡ್ಡವರಿರಬೇಕು. ಫೋಟೋ, ವಿಡಿಯೋಗೆ ಪೋಷಕರ ಸಹಿ ಮೊದಲೇ. ಲೆಕ್ಕದ ಮೇಷ್ಟ್ರು ಹೇಳಿದ ಏಳನೇ ದಿನದ ಸಂದೇಶವನ್ನೂ ಸ್ವಯಂಸೇವಕ ಒಬ್ಬನೇ ಮಗುವಿಗೆ ಕಳಿಸುವುದು ಬೇಡ, ಪೋಷಕರೂ ಇರುವ ಗುಂಪಿನಲ್ಲಿ ಕಳಿಸಲಿ.

ಪ್ರಶ್ನೆಗಳ ವಿಷಯ: ಒಳಗೆ ಬರುವಾಗಲೇ ಮಕ್ಕಳಿಗೆ ಕಾರ್ಡ್ ಕೊಟ್ಟು, ಹೆಸರು ಹಾಕದೆ ಒಂದು ಪ್ರಶ್ನೆ ಬರೆಸಿ ಡಬ್ಬಿಗೆ ಹಾಕಿಸಿ. ವಿಡಿಯೋ ನಡೆಯುವಾಗ ಒಬ್ಬರು ಅದರಿಂದ ಎಂಟು ಆರಿಸಲಿ. ಒಂದೇ ಥರದ ಪ್ರಶ್ನೆ ಹತ್ತು ಕಾರ್ಡಿನಲ್ಲಿದ್ದರೆ ಅದೇ ಮೊದಲು. ಪೋಷಕರಿಗೆ ಮೈಕ್ ಇಲ್ಲ. ಇದನ್ನು ನಗುನಗುತ್ತಾ ಆದರೆ ಗಟ್ಟಿಯಾಗಿ ಘೋಷಿಸಿ. ಕೂರುವ ವ್ಯವಸ್ಥೆ ಅರ್ಧ ವೃತ್ತ, ಮಕ್ಕಳು ಮುಂದೆ, ಪೋಷಕರು ಹಿಂದಿನ ಸಾಲಿನಲ್ಲಿ. ಕೋಚ್‌ಗೆ ವೇದಿಕೆ, ಪೋಡಿಯಂ ಬೇಡ. ಇವರಿಗೆ ನಡೆದಾಡುತ್ತಾ ಮಾತಾಡಿ ರೂಢಿ, ಹಾಗಾಗಿ ಕಾಲರ್ ಮೈಕ್ ಕೊಡಿ, ಇನ್ನೊಂದು ಕೈ ಮೈಕ್ ಹೊಸ ಬ್ಯಾಟರಿ ಹಾಕಿ ಪಕ್ಕದಲ್ಲಿರಲಿ. ಅಡುಗೆಮನೆಯ ಬಾಗಿಲು ಮುಚ್ಚಿಸಿ. ಬಿಸಿಬೇಳೆಬಾತಿನ ವಾಸನೆ ಬಂದ ಮೇಲೆ ಯಾವ ಕೋಚ್ ಮಾತೂ ನಿಲ್ಲಲ್ಲ.

ಶನಿವಾರದ_ಗ್ಯಾಲರಿ:

ಕೋಚ್ ಮಾತಿನ 12 ನಿಮಿಷದೊಳಗೆ ಏನಿರಲಿ ಅನ್ನೋದನ್ನು ಹೇಳೋದು ಉಳಿದಿತ್ತು. "ನಿಮ್ಮ ಜೀವನದ ಪಾಠ ಹೇಳಿ" ಅಂತ ಮಾತ್ರ ಕೇಳಬೇಡಿ. "ನಿಮ್ಮ ತಂಡದ ಒಂದು ವಾರ ತೋರಿಸಿ" ಅಂತ ಕೇಳಿ. ಶನಿವಾರ ಆಟ. ಭಾನುವಾರ ಅದರ ವಿಡಿಯೋ. ವಾರದ ಮಧ್ಯೆ ಗಟ್ಟಿ ಅಭ್ಯಾಸ. ಶುಕ್ರವಾರ ಬೆವರಿಲ್ಲದ ನಡಿಗೆಯ ತಾಲೀಮು. ಎರಡು ಗಂಟೆಯ ಅಭ್ಯಾಸ ಅಂದರೆ 5 ನಿಮಿಷದ 24 ತುಂಡು. ಪ್ರತಿ ತುಂಡು ಮುಗಿದಾಗ ಹಾರ್ನ್ ಕೂಗುತ್ತೆ, ಎಲ್ಲರೂ ಮುಂದಿನ ಜಾಗಕ್ಕೆ ಓಡ್ತಾರೆ. ಇವತ್ತಿನ 14ನೇ ತುಂಡಿನಲ್ಲಿ ಏನು ಅಂತ ಮುದ್ರಿಸಿದ ಹಾಳೆ ಇರುತ್ತೆ. ಅಂಥ ಒಂದು ಹಳೆಯ ಹಾಳೆ ತರಲು ಹೇಳಿ, ಮಕ್ಕಳಿಗೆ ಅದೇ ಬಲು ಕುತೂಹಲ.

ಎರಡನೆಯದು ಗ್ರೇಡ್ ಶೀಟ್. ಆಟ ಮುಗಿದ ಮೇಲೆ ಕೋಚ್‌ಗಳು ಪ್ರತಿ ಆಟಗಾರನ ಪ್ರತಿ ಪ್ಲೇ ನೋಡಿ ಪ್ಲಸ್ ಅಥವಾ ಮೈನಸ್ ಹಾಕ್ತಾರೆ. 70ರಲ್ಲಿ 56 ಪ್ಲಸ್ ಅಂದರೆ ನೂರಕ್ಕೆ 80. ಮೈನಸ್ ಬಂದದ್ದು ಯಾಕೆ ಅಂತಲೂ ಬರೀತಾರೆ: ತನ್ನ ಕೆಲಸ ಯಾವುದು ಅಂತಲೇ ತಿಳಿದಿರಲಿಲ್ಲವಾ, ತಿಳಿದಿದ್ದೂ ಕೈಕಾಲು ತಪ್ಪಿತಾ, ಅಥವಾ ಓಡಲೇ ಇಲ್ಲವಾ. ಮೂರಕ್ಕೂ ಮದ್ದು ಬೇರೆ ಬೇರೆ. ಶಾಲೆಯ ಪರೀಕ್ಷೆಗೆ ಇದನ್ನು ಹಾಗೇ ಎತ್ತಿಕೊಳ್ಳಬಹುದು. ತಿದ್ದಿ ಬಂದ ಉತ್ತರಪತ್ರಿಕೆಯ ಪ್ರತಿ ತಪ್ಪಿನ ಪಕ್ಕ "ಗೊತ್ತಿರಲಿಲ್ಲ", "ಗೊತ್ತಿತ್ತು, ತಪ್ಪಿದೆ", "ಬರೆಯಲೇ ಇಲ್ಲ" ಅಂತ ಮೂರರಲ್ಲಿ ಒಂದು. ಎರಡನೇ ಜಾತಿಯ ತಪ್ಪಿಗೆ ಇನ್ನೊಂದು ಟ್ಯೂಷನ್ ಹಾಕಿಸಿ ಪ್ರಯೋಜನ ಇಲ್ಲ ಅನ್ನೋದು ಪೋಷಕರಿಗೂ ಅಲ್ಲೇ ಗೊತ್ತಾಗುತ್ತೆ.

"ಹಗಲು ರಾತ್ರಿ ಒದ್ದಾಡು" ಅನ್ನೋ ಮಾತು ಬಂದರೆ ಯಾರಾದರೂ 20 ಗಂಟೆಯ ನಿಯಮದ ಬಗ್ಗೆ ಕೇಳಲಿ. ಸೀಸನ್ ನಡೆಯುವಾಗ ಕಾಲೇಜ್ ಆಟಗಾರನ ಕಡ್ಡಾಯ ಅಭ್ಯಾಸ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರುವಂತಿಲ್ಲ, ವಾರಕ್ಕೊಂದು ದಿನ ರಜೆ. ಕಾಗದದ ಮೇಲಿನ ಲೆಕ್ಕಕ್ಕಿಂತ ಆಟಗಾರರು ಹೆಚ್ಚೇ ದುಡೀತಾರೆ ಅನ್ನೋದು ಬೇರೆ ಮಾತು. ಆದರೂ ರಜೆಯ ದಿನವೂ ಯೋಜನೆಯ ಒಂದು ಭಾಗ ಅನ್ನೋದು ನಮ್ಮ ಮಕ್ಕಳಿಗೆ ಕೇಳಿಸಬೇಕು. ಕನಸಿನ ಲೆಕ್ಕವೂ ಇರಲಿ: ಹೈಸ್ಕೂಲಿನಲ್ಲಿ ಆಡುವ ನೂರು ಹುಡುಗರಲ್ಲಿ ಕಾಲೇಜ್ ತಂಡ ಸೇರೋದು ಏಳು ಜನರ ಆಸುಪಾಸು. ಕಾಲೇಜಿನ ನೂರರಲ್ಲಿ ವೃತ್ತಿ ಆಟಕ್ಕೆ ಹೋಗೋದು ಇಬ್ಬರೂ ಇಲ್ಲ. ಗ್ರಾಂಬ್ಲಿಂಗ್ ಕಾಲೇಜಿನ ಎಡ್ಡಿ ರಾಬಿನ್ಸನ್, 408 ಆಟ ಗೆದ್ದವರು, ಬೆಳಗ್ಗೆ ಹಾಸ್ಟೆಲಿನಲ್ಲಿ ದನದ ಕೊರಳಗಂಟೆ ಬಾರಿಸುತ್ತಾ ಆಟಗಾರರನ್ನು ಎಬ್ಬಿಸಿ ಕ್ಲಾಸಿಗೆ ಕಳಿಸ್ತಿದ್ದರು. ಯಾಕೆ ಅನ್ನೋದಕ್ಕೆ ಈ ಲೆಕ್ಕವೇ ಉತ್ತರ.

ಮುಂದಿನ ವರ್ಷಕ್ಕೊಂದು ಸಲಹೆ. ನೆಬ್ರಾಸ್ಕಾದ ಕೋಚ್ ಟಾಮ್ ಆಸ್ಬೋರ್ನ್ ಮತ್ತವರ ಪತ್ನಿ ನ್ಯಾನ್ಸಿ 1991ರಲ್ಲಿ ಮಕ್ಕಳಿಗೆ ಭಾಷಣ ಏರ್ಪಡಿಸಲಿಲ್ಲ. ತಂಡದ 22 ಆಟಗಾರರನ್ನು ಲಿಂಕನ್ ಊರಿನ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಒಬ್ಬರಿಗೊಬ್ಬರು ಅಂತ ಜೋಡಿ ಮಾಡಿದರು. ಟೀಮ್‌ಮೇಟ್ಸ್ ಅನ್ನೋ ಸಂಸ್ಥೆ ಶುರುವಾಗಿದ್ದು ಅಲ್ಲಿಂದ. ನಿಮ್ಮ ಆರು ಸ್ವಯಂಸೇವಕರಿಗೆ ಹತ್ತರ ಬದಲು ಎರಡೇ ಮಕ್ಕಳು ಕೊಟ್ಟು, ವರ್ಷಪೂರ್ತಿ ನಡೆಸಿ ನೋಡಬಹುದು.

ಕೊಲಂಬಸ್_ಕನ್ನಡಿಗ:

ಕೋಚ್‌ಗೆ ಕಳಿಸುವ ಪತ್ರದ ಸಾರ ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ:

"ಮಕ್ಕಳು 60, ಆಟ ಗೊತ್ತಿರುವವರು ನಾಲ್ಕು. ನಿಮ್ಮ ಮಾತು 12 ನಿಮಿಷ, ವಿಷಯ: ನಿಮ್ಮ ತಂಡದ ಒಂದು ವಾರ. ದಯವಿಟ್ಟು ಒಂದು ಹಳೆಯ ಅಭ್ಯಾಸದ ಹಾಳೆ, ಹೆಸರು ಅಳಿಸಿದ ಒಂದು ಗ್ರೇಡ್ ಶೀಟ್, ಹತ್ತು ಸೆಕೆಂಡಿನ ಮೂರು ವಿಡಿಯೋ ತನ್ನಿ. ಗೆಲುವಿನ ಪ್ಲೇಗಿಂತ ತಪ್ಪಾದ ಪ್ಲೇ ಇದ್ದರೆ ಒಳ್ಳೆಯದು. ನೋವು ನುಂಗಿ ಆಡಿದವರ ಕಥೆ ಬೇಡ. ತಲೆಗೆ ಪೆಟ್ಟು ಬಿದ್ದರೆ ಹೇಳಬೇಕು ಅನ್ನೋದನ್ನು ನಿಮ್ಮ ಬಾಯಿಂದಲೇ ಹೇಳಿ. ಕೊನೆಯಲ್ಲಿ ಮಕ್ಕಳು ಚೀಟಿ ಬರೆಯುತ್ತಾರೆ. ಅವರ ಮುಂದೆ ನೀವೂ ಒಂದು ಚೀಟಿ ಬರೆದು ಓದಿ."

ಮಕ್ಕಳು ಅರ್ಧ ವೃತ್ತದಲ್ಲಿ, ಅಪ್ಪ ಅಮ್ಮಂದಿರು ಹಿಂದಿನ ಸಾಲಿನಲ್ಲಿ. 70 ಚೀಟಿ ಮುದ್ರಿಸುತ್ತಿದ್ದೇನೆ, 60 ಮಕ್ಕಳಿಗೆ, 10 ಹೆಚ್ಚುವರಿ.

ಲೆಕ್ಕದ_ಮೇಷ್ಟ್ರು:

ಪತ್ರ ಸರಿಯಾಗಿದೆ. ಕೋಚ್ ಚೀಟಿ ಓದುವುದು ಮಕ್ಕಳು ಬರೆಯುವ ಮೊದಲೇ ಆಗಲಿ, ಆಮೇಲಲ್ಲ. ಮಾದರಿ ಕಣ್ಣ ಮುಂದಿದ್ದರೆ "ಪ್ರತಿದಿನ ಚೆನ್ನಾಗಿ" ಅನ್ನೋ ಚೀಟಿಗಳು ಕಡಿಮೆಯಾಗುತ್ತವೆ. ಚೀಟಿ 70 ಸಾಲದು, 180 ಮಾಡಿಸಿ. ಹಿಂದಿನ ಸಾಲಿನವರಿಗೂ ಒಂದೊಂದು ಕೊಡಿ, ಅದರಲ್ಲಿ ಒಂದೇ ಸಾಲು: "ಮುಂದಿನ ಶನಿವಾರದವರೆಗೆ ______ ವಿಷಯವನ್ನು ನಾನು ಒಂದು ಸಲವೂ ನೆನಪಿಸುವುದಿಲ್ಲ." ಹುಬ್ಬಳ್ಳಿಯವರು ಹೇಳಿದ ಕಾರಿನ ಮಾತಿಗೆ ಇಷ್ಟು ಸಾಕು. ಪೆನ್ನು ಮರೀಬೇಡಿ, ಅದೂ ಅಷ್ಟೇ ಬೇಕು.